60 ದಿನದ ಗಡುವು, 2020ರ ಪ್ರಯಾರಿಟಿ ಡೇಟ್: ಹೊಸ ಕೆಲಸ ಹಿಡಿಯಲಾ, ಅಪ್ಪನನ್ನು ನೋಡಲು ಹೋಗಲಾ?

ಶರಾವತಿ_ದಂಡೆ | ನವೆಂಬರ್ 2, 2025

ನಮಸ್ಕಾರ ಎಲ್ಲರಿಗೂ. ಆರು ವರ್ಷದಿಂದ ಇಲ್ಲಿ ಬರೀ ಓದಿಕೊಂಡು ಇದ್ದವನು, ಬರೆಯುತ್ತಿರುವುದು ಮೊದಲ ಸಲ. ಉದ್ದವಾಗುತ್ತದೆ, ಬೇಜಾರು ಮಾಡ್ಕೋಬೇಡಿ.

ಊರು ಸಾಗರದ ಹತ್ತಿರ. 2015ರಲ್ಲಿ ಎಂ.ಎಸ್. ಓದಲು ಟೆಕ್ಸಾಸ್‌ಗೆ ಬಂದೆ. ಓಪಿಟಿ (ಓದಿನ ನಂತರದ ತಾತ್ಕಾಲಿಕ ಕೆಲಸದ ಅನುಮತಿ) ಇರುವಾಗಲೇ ವೀಸಾ ಲಾಟರಿ ಹತ್ತಿ 2018ರ ಅಕ್ಟೋಬರ್‌ನಿಂದ ಎಚ್-1ಬಿ ಕೆಲಸದ ವೀಸಾ. ಕಂಪನಿಯವರು 2020ರ ಆಗಸ್ಟ್‌ನಲ್ಲಿ ನನ್ನ ಗ್ರೀನ್ ಕಾರ್ಡಿಗೆ ಪರ್ಮ್ (ಲೇಬರ್ ಇಲಾಖೆಗೆ ಹಾಕುವ ಮೊದಲ ಅರ್ಜಿ) ಹಾಕಿದರು, ಇಬಿ-2 ದರ್ಜೆಯಲ್ಲಿ; ಆ ತಾರೀಖೇ ಕ್ಯೂನಲ್ಲಿ ನನ್ನ ಜಾಗ, ಅಂದರೆ ಪ್ರಯಾರಿಟಿ ಡೇಟ್. ಮುಂದಿನ ಹೆಜ್ಜೆ ಐ-140 (ವಲಸೆ ಇಲಾಖೆಗೆ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿದ್ದು 2021ರ ಏಪ್ರಿಲ್. ಎಚ್-1ಬಿಯ ಆರು ವರ್ಷ ಕಳೆದ ವರ್ಷವೇ ಮುಗಿದು, ಐ-140 ಬಲದ ಮೇಲೆ 2027ರ ಅಕ್ಟೋಬರ್‌ವರೆಗೆ ವಿಸ್ತರಣೆ ಸಿಕ್ಕಿದೆ.

ಅಕ್ಟೋಬರ್ 10 ಕೆಲಸದಲ್ಲಿ ನನ್ನ ಕೊನೆಯ ದಿನವಾಯಿತು; ಅಲ್ಲಿಂದ 60 ದಿನದೊಳಗೆ ಹೊಸ ಕಂಪನಿಯ ಅರ್ಜಿ ಹೋಗಬೇಕು. ನಮ್ಮ ಇಡೀ ತಂಡವನ್ನು ಅರ್ಧ ಗಂಟೆಯ ಒಂದು ಮೀಟಿಂಗಿನಲ್ಲಿ ಮುಗಿಸಿದರು. ದೇವರ ದಯೆ, ಒಂದು ಸಣ್ಣ ಕಂಪನಿಯಿಂದ ಆಫರ್ ಬಂದಿದೆ. ಆದರೆ ಅಲ್ಲಿನ ಎಚ್‌ಆರ್, "ಗ್ರೀನ್ ಕಾರ್ಡ್ ಕೆಲಸ ಶುರು ಮಾಡುವುದು ಒಂದು ವರ್ಷ ಆದ ಮೇಲೆಯೇ" ಎನ್ನುತ್ತಿದ್ದಾರೆ. ಹೆಂಡತಿ ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಕಾರ್ಡು) ಮೇಲೆ ಕೆಲಸ ಮಾಡುತ್ತಾಳೆ, ಅವಳ ಕಾರ್ಡು ಫೆಬ್ರವರಿಗೆ ಮುಗಿಯುತ್ತದೆ. ಸದ್ಯ ಮನೆ ನಡೆಯುತ್ತಿರುವುದು ಅವಳ ಸಂಬಳದಲ್ಲಿ. ಮಗಳು ಇಲ್ಲೇ ಹುಟ್ಟಿದವಳು, ಮೂರು ವರ್ಷ.

ಇದರ ಮಧ್ಯೆ ಅಪ್ಪನಿಗೆ ಹೃದಯದ ಮೂರು ನಾಳ ಕಟ್ಟಿದೆ, ಡಿಸೆಂಬರ್ ಮೊದಲ ವಾರ ಬೈಪಾಸ್ ಅಂದಿದ್ದಾರೆ. ಅಮ್ಮ ಫೋನಿನಲ್ಲಿ "ನೀ ಬಪ್ಪದು ಬ್ಯಾಡ ತಮಾ, ನಿನ್ ಕೆಲ್ಸ ನೋಡ್ಕ" ಅಂತಾಳೆ. ಹಾಗೆ ಅಂದಾಗಲೇ ಹೋಗಬೇಕು ಅನ್ನಿಸುವುದು.

ಐದು ವರ್ಷದ ಕ್ಯೂ ಹೊಸ ಕಂಪನಿಗೆ ಹೋದರೆ ಮಣ್ಣುಪಾಲಾಗುತ್ತಾ? ನಾಲ್ಕು ವಾರ ಊರಿಗೆ ಹೋಗಿ ಬರಬಹುದಾ? ತಿಳಿದವರು ಹೇಳಿ.

ಗಿರ್ಮಿಟ್_ಮಿರ್ಚಿ | ನವೆಂಬರ್ 2

ನಮಸ್ಕಾರ್ರಿ. ಮೊದ್ಲ ಒಂದ್ ಕಪ್ ಚಾ ಕುಡೀರಿ. ನಿಮ್ಮ ಕೈಯಾಗ ಡಿಸೆಂಬರ್ 9ರ ತನಕ ಟೈಮ್ ಐತಿ.

ಹಳೇ ಕಂಪನಿ ನಿಮ್ಮನ್ನ ತಗದ್ರೂ ನಿಮ್ಮ ಪ್ರಯಾರಿಟಿ ಡೇಟ್ ತಗಿಯಾಕ ಬರೂದಿಲ್ಲ. ಐ-140 ಅಪ್ರೂವ್ ಆಗಿ 180 ದಿನ ದಾಟೇತಿ ಅಂದ್ರ, ಕಂಪನಿಯವ್ರು ವಾಪಸ್ ತಗೋತೀವಿ ಅಂತ ಪತ್ರಾ ಬರದ್ರೂ ಅದು ಸಾಯೂದಿಲ್ಲ. ಅದ ಐ-140 ತೋರ್ಸಿ ಹೊಸ ಕಂಪನ್ಯಾವ್ರು ನಿಮಗ ಮೂರು ವರ್ಷದ ಎಚ್-1ಬಿ ಕೇಳಬೌದು. ಮುಂದ ಅವ್ರು ಹೊಸಾ ಪರ್ಮ್, ಹೊಸಾ ಐ-140 ಮಾಡಿದಾಗ 2020ರ ಆಗಸ್ಟ್ ತಾರೀಖು ಹಂಗ ಬಂದು ಅದಕ್ಕ ಕೂಡ್ತೈತಿ. ಮೋಸ, ಸುಳ್ಳು ಕಾಗದ, ಇಲ್ಲಾ ಅಪ್ರೂವ್ ಮಾಡಿದ್ದ ದೊಡ್ಡ ತಪ್ಪು ಅಂತ ಸರ್ಕಾರ ರದ್ದ ಮಾಡಿದ್ರ ಮಾತ್ರ ತಾರೀಖು ಹೋಗತೈತಿ. ಈ ನಿಯಮ ಜಾರಿಗೆ ಬಂದದ್ದು 2017ರ ಜನವರಿ 17ಕ್ಕ. ನೀವು ಎಣಸಾಕತ್ತಿರೂ 60 ದಿನಾನೂ ಅದ ನಿಯಮದ ಕೂಸು. ಅದಕ್ಕೂ ಮುಂಚೆ ಕೆಲಸ ಹೋದ ಮರುದಿನಾನ ಸ್ಟೇಟಸ್ ಹೋದಂಗ ಲೆಕ್ಕ ಇತ್ರಿ. 2009ರಾಗ ನಮ್ಮ ದೋಸ್ತ ಒಬ್ಬಾಂವ ಹತ್ತು ದಿನದಾಗ ಕಾರು, ಸೋಫಾ, ಕುಕ್ಕರ್ ಎಲ್ಲಾ ಮಾರಿ ಹೋದ.

ಎಚ್‌ಆರ್ ಒಂದು ವರ್ಷ ಅಂದ್ರ ಅನ್ಲಿ ಬಿಡ್ರಿ. ಇಬಿ-2 ಇಂಡಿಯಾ ಫೈನಲ್ ಡೇಟ್, ಅಂದ್ರ ಈಗ ಕಾರ್ಡ್ ಕೊಡಾಕತ್ತಿರೂ ತಾರೀಖು, ಇನ್ನೂ 2013ರಾಗ ತೆವಳಾಕತ್ತೇತಿ. ನಿಮ್ಮ 2020 ಬರೂದ್ರಾಗ ಅವ್ರು ನಾಕು ಸಲ ಪರ್ಮ್ ಮಾಡಬೌದು. ಆದ್ರ ಆ ಮಾತು ಬಾಯಾಗ ಬ್ಯಾಡ, ಆಫರ್ ಲೆಟರ್‌ನ್ಯಾಗ ಬರಸ್ಕೋರಿ.

ಅವಸರ ಬ್ಯಾರೆ ಕಡೆ ಐತಿ. ಎಚ್-1ಬಿ ಹಾಕಾಕ ಮದ್ಲ ಲೇಬರ್ ಇಲಾಖೆಯಿಂದ ಎಲ್‌ಸಿಎ (ಕಂಪನಿ ಎಷ್ಟು ಸಂಬಳ ಕೊಡತೈತಿ ಅನ್ನೂ ಪತ್ರ) ಬೇಕು, ಅದಕ್ಕ ಏಳು ಕೆಲಸದ ದಿನ. ಸರ್ಕಾರ ಬಂದ್ ಆಗಿ ಅಕ್ಟೋಬರ್ ತಿಂಗಳ ಪೂರ್ತಿ ಅದು ನಿಂತಿತ್ತು, ಮೊನ್ನೆ 31ಕ್ಕ ಮತ್ತ ತಗದಾರ. ಎಲ್ಲಾರೂ ಒಮ್ಮೆಲೆ ಮುಗಿಬೀಳತಾರ. ನಾಳೆ ಸೋಮವಾರನ ವಕೀಲರ ಬೆನ್ನ ಹತ್ರಿ. ಅರ್ಜಿ 60 ದಿನದೊಳಗ ಅವರ ಕೈ ಸೇರಿತು ಅಂದ್ರ, ಅಪ್ರೂವಲ್‌ಗೆ ಕಾಯದನ ಹೊಸ ಕೆಲಸಕ್ಕ ಸೇರಬೌದು.

ಕುಡ್ಲದಾಯೆ | ನವೆಂಬರ್ 2

ಗಿರ್ಮಿಟ್‌ನವರು ಹೇಳಿದ್ದು ಸರಿ ಉಂಟು. ನಂದು ಒಂದೇ ಪ್ರಶ್ನೆ: ನಿಮ್ಮ ಹೆಂಡತಿ ಹುಟ್ಟಿದ್ದು ಎಲ್ಲಿ?

ಶರಾವತಿ_ದಂಡೆ | ನವೆಂಬರ್ 2

ಶಿರಸಿಯಲ್ಲಿ. ಯಾಕೆ?

ಕುಡ್ಲದಾಯೆ | ನವೆಂಬರ್ 2

ಛೆ. ಕುವೈತ್‌ನಲ್ಲೋ ಬಹ್ರೇನ್‌ನಲ್ಲೋ ಹುಟ್ಟಿದ್ದಿದ್ದರೆ ನಿಮ್ಮ ಈ ಕಥೆಯೇ ಇರ್ತಿರಲಿಲ್ಲ ಮಾರಾಯ್ರೆ.

ನಮ್ಮ ಊರ ಕಡೆಯವರಿಗೆ ಇದು ಗೊತ್ತಿರಬೇಕು ಅಂತ ಬರೀತೇನೆ. ಅಮೆರಿಕದವರು ಕ್ಯೂ ಲೆಕ್ಕ ಹಾಕುವುದು ಪಾಸ್‌ಪೋರ್ಟ್ ನೋಡಿ ಅಲ್ಲ, ಹುಟ್ಟಿದ ದೇಶ ನೋಡಿ. ನಾನು ಹುಟ್ಟಿದ್ದು ಕುವೈತ್‌ನಲ್ಲಿ. 1990ರ ಆಗಸ್ಟ್‌ನಲ್ಲಿ ಸದ್ದಾಂ ನುಗ್ಗಿದ ಮೇಲೆ ನಾವೆಲ್ಲ ಅಮ್ಮಾನ್ ದಾರಿಯಾಗಿ ಮುಂಬೈಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಮಂಗಳೂರಿಗೆ ಬಂದದ್ದು. ಆಗ ನನಗೆ ನಾಲ್ಕು ವರ್ಷ. ಅಮ್ಮ ಬಂಗಾರ ಬಿಟ್ಟು ಬಂದಳು, ಆದರೆ ಮಕ್ಕಳ ಜನನ ಪತ್ರದ ಪ್ಲಾಸ್ಟಿಕ್ ಕವರನ್ನು ಸೀರೆಯೊಳಗೆ ಸಿಕ್ಕಿಸಿಕೊಂಡು ಬಂದಳಂತೆ. ಅರೇಬಿಕ್‌ನಲ್ಲಿದ್ದ ಆ ಒಂದು ಹಾಳೆಯಿಂದಾಗಿ ನನ್ನ ಹೆಸರು ಕುವೈತ್ ಲೆಕ್ಕಕ್ಕೆ ಹೋಯ್ತು. ಐ-140, ಐ-485 (ಗ್ರೀನ್ ಕಾರ್ಡಿನ ಕೊನೆಯ ಅರ್ಜಿ) ಒಟ್ಟಿಗೆ ಹಾಕಿದೆ. ಎರಡು ವರ್ಷ ತುಂಬುವ ಮೊದಲು ಕಾರ್ಡ್ ಬಂತು. ನನ್ನ ಜೊತೆಗೇ ಸುರತ್ಕಲ್‌ನಲ್ಲಿ ಓದಿದವನು, ನನಗಿಂತ ಹುಷಾರು, ಹುಟ್ಟಿದ್ದು ಪುತ್ತೂರಿನಲ್ಲಿ. ಅವನು ಇನ್ನೂ ಕ್ಯೂನಲ್ಲಿ ಉಂಟು.

ಗಂಡ ಹೆಂಡತಿಯಲ್ಲಿ ಯಾರು ಹೊರಗೆ ಹುಟ್ಟಿದ್ದರೂ ಇಬ್ಬರಿಗೂ ಆ ದೇಶದ ಲೆಕ್ಕ ಸಿಗ್ತದೆ, ಐ-485 ಒಟ್ಟಿಗೆ ನಡೆಯಬೇಕು ಅಷ್ಟೇ. ಆದರೆ ಮಕ್ಕಳು ಹುಟ್ಟಿದ ದೇಶ ಅಪ್ಪ ಅಮ್ಮನಿಗೆ ಸಿಗುವುದಿಲ್ಲ, ಅದನ್ನೂ ಹೇಳಿಬಿಡ್ತೇನೆ.

ರಾಗಿಮುದ್ದೆ_ರಾಲಿ | ನವೆಂಬರ್ 3

ಅಣ್ಣಾ, ನಾನು ಬಂದು ಎರಡು ವರ್ಷ ಆಯ್ತು, ಇನ್ನೂ ಎಫ್-1, ವಿದ್ಯಾರ್ಥಿ ವೀಸಾ. ಇದೆಲ್ಲಾ ಓದಿ ತಲೆ ಗಿರ್ ಅಂತಿದೆ. ಪುತ್ತೂರಿಗೂ ಕುವೈತಿಗೂ ಇಷ್ಟು ವ್ಯತ್ಯಾಸ ಯಾಕೆ? ಒಂದೇ ಕಾಲೇಜು, ಒಂದೇ ಕೆಲಸ ಅಲ್ವಾ?

ಬೋಗಾದಿ_ವಾಪಸ್ | ನವೆಂಬರ್ 3

ಪಂಕ್ತಿ ಊಟ ಅಂದ್ಕೋ ಕಂದ. ವರ್ಷಕ್ಕೆ 1,40,000 ಎಲೆ, ಅಂದರೆ ಕೆಲಸದ ಮೇಲಿನ ಗ್ರೀನ್ ಕಾರ್ಡು, ಹಾಕ್ತಾರೆ. 1990ರ ಕಾಯ್ದೆ. ಯಾವ ಊರಿನವರಿಗೂ ನೂರಕ್ಕೆ 7 ಎಲೆ ಮೀರಿ ಇಲ್ಲ. ಐಸ್‌ಲ್ಯಾಂಡ್‌ನಿಂದ ಸ್ಕೂಟರ್‌ನಲ್ಲಿ ಇಬ್ಬರು ಬಂದಿರ್ತಾರೆ, ಇಂಡಿಯಾದಿಂದ ಇಪ್ಪತ್ತು ಬಸ್ಸು. ಎರಡು ಊರಿಗೂ ಅದೇ ಮಿತಿ. ಇಬಿ-2ಗೆ ಒಟ್ಟು ಎಲೆಯಲ್ಲಿ ಶೇ. 28.6 ಪಾಲು, ಅಂದರೆ ಸುಮಾರು 40,000, ಅದರಲ್ಲಿ ಶೇ. 7 ತೆಗೆದರೆ ನಮ್ಮ ಬಸ್ಸುಗಳಿಗೆಲ್ಲ ಸೇರಿ 2,800 ಚಿಲ್ಲರೆ. ಹೆಂಡತಿ ಮಕ್ಕಳಿಗೂ ಅದರಲ್ಲೇ. ಹಾಗಾಗಿ 2,800 ಎಂಜಿನಿಯರುಗಳಲ್ಲ, ಸಾವಿರದ ಆಸುಪಾಸು ಸಂಸಾರ ಅಂತ ಇಟ್ಕೋ. ಬೇರೆ ಊರಿನವರು ಉಣ್ಣದೆ ಬಿಟ್ಟ ಎಲೆ ಇದ್ದರೆ ಆಮೇಲೆ ನಮ್ಮನ್ನ ಕೂರಿಸ್ತಾರೆ, ಹಳೇ ತಾರೀಖಿನವರು ಮೊದಲು.

ಈ ಶೇ. 7 ಮಿತಿ ತೆಗೆದುಹಾಕುವ ಮಸೂದೆ 2019ರ ಜುಲೈನಲ್ಲಿ ಅಮೆರಿಕದ ಕೆಳಮನೆ ಹೌಸ್‌ನಲ್ಲಿ 365–65ರಲ್ಲಿ ಪಾಸಾಯ್ತು. 2020ರ ಡಿಸೆಂಬರ್‌ನಲ್ಲಿ ಸೆನೆಟ್‌ನಲ್ಲೂ ಪಾಸಾಯ್ತು. ಆದರೆ ಎರಡು ಕಡೆ ಪಾಸಾಗಿದ್ದು ಬೇರೆ ಬೇರೆ ರೂಪ, ಹೊಂದಿಸೋ ಹೊತ್ತಿಗೆ ಸಂಸತ್ತಿನ ಅವಧಿಯೇ ಮುಗೀತು. ಆ ರಾತ್ರಿ ನಾನು ಮೈಸೂರಲ್ಲಿ ಕೂತು ಲೈವ್ ನೋಡ್ತಿದ್ದೆ. ವಾಪಸ್ ಬಂದು ಎರಡು ವರ್ಷ ಆಗಿತ್ತು. ನೋಡೋ ಚಟ ಮಾತ್ರ ಹೋಗಿರಲಿಲ್ಲ.

ಶರಾವತಿಯವರಿಗೆ ನನ್ನ ಮಾತು: ಅಪ್ಪನ್ನ ನೋಡೋಕೆ ಹೋಗಿ. ವಾಪಸ್ ಬರೋದು ಆಮೇಲೆ ಯೋಚನೆ ಮಾಡಿ. ನಾನು ಏಳು ವರ್ಷ ಊರಿಗೆ ಎರಡೇ ಸಲ ಹೋದವನು.

ಗಿರ್ಮಿಟ್_ಮಿರ್ಚಿ | ನವೆಂಬರ್ 3

ಬೋಗಾದಿ ಸರ್, ನಿಮ್ಮ ಮ್ಯಾಲೆ ಗೌರವ ಐತಿ, ಆದ್ರ ಈ ಸಲಹಾ ಈಗ ಅಪಾಯ್ರಿ. ಕಾಲ ಬದಲಾಗೇತಿ.

ಅಧ್ಯಕ್ಷರ ಸೆಪ್ಟೆಂಬರ್ 19ರ ಘೋಷಣೆ ಪ್ರಕಾರ, 21ರಿಂದ ಈಚೆ ದೇಶದ ಹೊರಗಿದ್ದವ್ರಿಗೆ ಹಾಕೂ ಹೊಸ ಎಚ್-1ಬಿಗೆ ಒಂದು ಲಕ್ಷ ಡಾಲರ್. ಒಳಗಿದ್ದು ಕಂಪನಿ ಬದಲಿಸಿದ್ರ, ವಿಸ್ತರಿಸಿದ್ರ ಅದು ಇಲ್ಲಾ ಅಂತ ಅಕ್ಟೋಬರ್ 20ಕ್ಕ ಸ್ಪಷ್ಟ ಮಾಡಿದ್ರು. ಈಗ ಇವ್ರು ವಿಮಾನ ಹತ್ತಿದ್ರು ಅಂದ್ರ? ಕೆಲಸ ಇಲ್ಲ, ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪು ಚಾಲ್ತಿ ಐತೋ ಇಲ್ಲೋ ಗೊತ್ತಿಲ್ಲ, ಅರ್ಜಿ ಹೋಗೂ ಹೊತ್ತಿಗೆ ಇವ್ರು ಸಾಗರದಾಗ. ಸಣ್ಣ ಕಂಪನಿ ಒಂದು ಲಕ್ಷ ಡಾಲರ್ ಕೊಡತೈತೇನ್ರಿ? ಆಫರ್ ಹಿಂದ ತಗೋತಾರ.

ಅಪ್ರೂವಲ್ ಕೈಗೆ ಬರೂ ಮಟ ಕದಲಬ್ಯಾಡ್ರಿ. ಪ್ರೀಮಿಯಮ್ (ಹೆಚ್ಚಿನ ಫೀಸಿನ ಲಗೂ ದಾರಿ) ಹಾಕಸ್ರಿ, 15 ಕೆಲಸದ ದಿನದಾಗ ಉತ್ತರ ಬರತೈತಿ.

ಶರಾವತಿ_ದಂಡೆ | ನವೆಂಬರ್ 3

ಸ್ಟ್ಯಾಂಪ್ ಕಳೆದ ವರ್ಷವೇ ಮುಗಿದಿದೆ. ಹೋದರೆ ಹೊಸ ಸ್ಟ್ಯಾಂಪಿಗೆ ಚೆನ್ನೈ ಕಾನ್ಸುಲೇಟಿಗೆ ಹೋಗಲೇಬೇಕು.

ಅಡುಗೆಮನೆ_ಆಫೀಸು | ನವೆಂಬರ್ 3

ಹಾಗಿದ್ದರೆ ನಾಲ್ಕು ವಾರದಲ್ಲಿ ಹೋಗಿಬರುವ ಆಸೆ ಬಿಡಿ. ಸೆಪ್ಟೆಂಬರ್ 2ರಿಂದ ಡ್ರಾಪ್‌ಬಾಕ್ಸ್ (ಸಂದರ್ಶನವಿಲ್ಲದ ವೀಸಾ ನವೀಕರಣ) ನಮಗೆ ಮುಚ್ಚಿದೆ, ಮಕ್ಕಳೂ ಸೇರಿ ಎಲ್ಲರೂ ಸಂದರ್ಶನಕ್ಕೆ ನಿಲ್ಲಬೇಕು. ಮೊದಲಿನ ಹಾಗೆ ಮೆಕ್ಸಿಕೋಗೋ ಕೆನಡಾಕ್ಕೋ ಹೋಗಿ ಸ್ಟ್ಯಾಂಪ್ ಹಾಕಿಸಿಕೊಂಡು ಬರುವ ದಾರಿಯೂ ಹೋಯಿತು. ಸ್ವಂತ ದೇಶದಲ್ಲೇ, ಇಲ್ಲ ವಾಸವಿರುವ ದೇಶದಲ್ಲೇ ಅಂತ ಅದೇ ತಿಂಗಳು ಹೇಳಿದ್ದಾರೆ. ಬೆಂಗಳೂರಿನಲ್ಲಿ ಕಾನ್ಸುಲೇಟ್ ಅಂತ ಜನವರಿಯಲ್ಲಿ ರಿಬ್ಬನ್ ಕತ್ತರಿಸಿದರು, ವೀಸಾ ಮಾತ್ರ ಅಲ್ಲಿ ಇನ್ನೂ ಕೊಡುತ್ತಿಲ್ಲ.

ನಾನು ಬರೆಯಲು ಬಂದಿದ್ದು ನಿಮ್ಮ ಹೆಂಡತಿ ವಿಷಯಕ್ಕೆ. ಎಲ್ಲರೂ ನಿಮ್ಮ 60 ದಿನ ಎಣಿಸುತ್ತಿದ್ದಾರೆ, ಅವರ ಫೆಬ್ರವರಿಯನ್ನು ಯಾರೂ ನೋಡಲಿಲ್ಲ. ಮೊದಲೆಲ್ಲ ನವೀಕರಣಕ್ಕೆ ಹಾಕಿದ್ದರೆ, ಕಾರ್ಡು ಮುಗಿದರೂ ಐ-94 (ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಎನ್ನುವ ದಾಖಲೆ) ಇರುವವರೆಗೆ, ಗರಿಷ್ಠ 540 ದಿನ ಕೆಲಸ ಮುಂದುವರಿಸಬಹುದಿತ್ತು. ಕಳೆದ ಗುರುವಾರ, ಅಕ್ಟೋಬರ್ 30ರಿಂದ ಹಾಕಿದವರಿಗೆ ಅದನ್ನು ತೆಗೆದುಹಾಕಿದ್ದಾರೆ. ಕಾರ್ಡಿನ ಮೇಲಿನ ತಾರೀಖು ಮುಗಿದ ದಿನ ಲ್ಯಾಪ್‌ಟಾಪ್ ಮುಚ್ಚಬೇಕು. ನೀವು ಬುಧವಾರ ಹಾಕಿದ್ದರೆ ಬೇರೆ ಮಾತಾಗಿತ್ತು. ನಿಮ್ಮ ಎಚ್-1ಬಿ ಅರ್ಜಿ ಹೋಗುವಾಗಲೇ ಅವರ ಎಚ್-4, ಇಎಡಿ ಅರ್ಜಿ ಎರಡನ್ನೂ ಒಟ್ಟಿಗೆ ಕಳಿಸಿ. ನೀವು ಕೆಲಸ ಕಳೆದುಕೊಂಡ ದಿನದಿಂದ ಅವರ ಸ್ಟೇಟಸ್‌ಗೂ ಅದೇ 60 ದಿನ ಎನ್ನುವುದು ನೆನಪಿರಲಿ.

ನನ್ನದು 2009ರ ಮದುವೆ. ಬಿ.ಇ., ಐದು ವರ್ಷ ಬೆಂಗಳೂರಿನಲ್ಲಿ ಕೆಲಸ, ಆಮೇಲೆ ಆರು ವರ್ಷ ಬರೀ ಅಡುಗೆಮನೆ. 2015ರ ಮೇ 26ಕ್ಕೆ ಎಚ್-4 ಇಎಡಿ ಶುರುವಾದಾಗ ಮೊದಲ ವಾರವೇ ಹಾಕಿದವರಲ್ಲಿ ನಾನೊಬ್ಬಳು. ಆ ನಿಯಮದ ಮೇಲೆ ಅದೇ ವರ್ಷ ಬಿದ್ದ ಕೇಸು ಹತ್ತು ವರ್ಷ ನಡೆದು, ಹೋದ ತಿಂಗಳು ಸುಪ್ರೀಂ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ ಎಂದಿತು. ಆ ಹತ್ತು ವರ್ಷವೂ ಪ್ರತಿ ಸಲ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಇಎಂಐ ಲೆಕ್ಕ ಮತ್ತೊಮ್ಮೆ ಆಗುತ್ತಿತ್ತು.

ಹೇಮಾವತಿ_ನಾಲೆ | ನವೆಂಬರ್ 4

ನಮ್ಮ ಮಗನಿಗೆ 19. ಹಾಸನದಲ್ಲಿ ಹುಟ್ಟಿ ಮೂರು ವರ್ಷಕ್ಕೆ ಬಂದವನು. ಕನ್ನಡ ಅರ್ಥವಾಗುತ್ತೆ, ಮಾತಾಡೋಕೆ ನಾಚಿಕೆ. 21 ತುಂಬಿದ ದಿನ ಅವನು ನಮ್ಮ ಅರ್ಜಿಯಿಂದ ಹೊರಗೆ. 2023ರ ಫೆಬ್ರವರಿಯಲ್ಲಿ ಮಕ್ಕಳ ವಯಸ್ಸನ್ನು ಫೈಲಿಂಗ್ ಚಾರ್ಟ್ (ಅರ್ಜಿ ಹಾಕಬಹುದಾದ ತಾರೀಖು, ಅದು ಮುಂದಿರುತ್ತೆ) ಪ್ರಕಾರ ಹಿಡೀತೀವಿ ಅಂದ್ರು, ಸ್ವಲ್ಪ ಉಸಿರು ಬಂತು. ಈ ಆಗಸ್ಟ್ 15ರಿಂದ ಮತ್ತೆ ಕಾರ್ಡ್ ಕೊಡೋ ತಾರೀಖಿನ ಫೈನಲ್ ಆ್ಯಕ್ಷನ್ ಚಾರ್ಟೇ ಅಂದ್ರು. ಈಗ ಅವನಿಗೆ ಎಫ್-1 ಮಾಡಿಸೋದು, ವಿದೇಶಿ ವಿದ್ಯಾರ್ಥಿ ಫೀಸು ಕಟ್ಟೋದು. ಹದಿನಾರು ವರ್ಷ ಇದ್ದ ಊರಲ್ಲಿ.

ಶರಾವತಿಯವರ ಮಗು ಇಲ್ಲೇ ಹುಟ್ಟಿದೆ, ಆ ಒಂದು ಚಿಂತೆ ನಿಮಗಿಲ್ಲ.

ರಾಗಿಮುದ್ದೆ_ರಾಲಿ | ನವೆಂಬರ್ 4

ಇಷ್ಟೆಲ್ಲಾ ಇದ್ರೂ ಯಾಕೆ ಇಲ್ಲಿರ್ತೀರಾ ಅಂತ ಕೇಳಬಹುದಾ? ತಪ್ಪು ತಿಳೀಬೇಡಿ.

ಬೋಗಾದಿ_ವಾಪಸ್ | ನವೆಂಬರ್ 4

ಅದನ್ನೇ ನನ್ನ ಹೆಂಡತಿ 2018ರಲ್ಲಿ ಕೇಳಿದ್ದು. ಬಂದ್ವಿ.

ಬಂದವನ ಕಥೆಯೂ ಕೇಳು ಹಾಗಾದ್ರೆ. ನನ್ನ ಪ್ರಯಾರಿಟಿ ಡೇಟ್ 2012ರ ಆಗಸ್ಟ್, ಇಬಿ-2. ಈ ವರ್ಷ ಜನವರಿಯ ವೀಸಾ ಬುಲೆಟಿನ್‌ನಲ್ಲಿ (ತಿಂಗಳ ಸರದಿ ಪಟ್ಟಿ) ಅದು ಮತ್ತೆ ಕರೆಂಟ್ ಆಯ್ತು. ನಾನು ನಂದಿನಿ ಬೂತ್ ಮುಂದೆ ನಿಂತಿದ್ದೆ, ನ್ಯೂಜೆರ್ಸಿಯಿಂದ ಗೆಳೆಯನ ಮೆಸೇಜು: "ಗುರು, ನಿನ್ನ ನಂಬರ್ ಬಂತು." ಅರ್ಜಿ ಹಾಕಿದ ಕಂಪನಿ ಈಗ ಇಲ್ಲ. ತಾರೀಖು ನನ್ನದೇ, ಬೇರೆ ಯಾರಾದರೂ ಕಂಪನಿ ಹೊಸ ಪರ್ಮ್, ಐ-140 ಮಾಡಿದರೆ ಅದೇ 2012 ಸಿಗುತ್ತೆ. ಆದರೆ 51ನೇ ವಯಸ್ಸಿನಲ್ಲಿ ಯಾರು ಮಾಡ್ತಾರೆ, ಯಾಕೆ ಮಾಡ್ತಾರೆ. ಐ-140 ಹಾಳೆ ಮನೆ ಖಾತೆ ಪತ್ರದ ಜೊತೆ ಬೀರುವಿನಲ್ಲಿದೆ. ನಗು ಬಂತು. ಹಾಲು ತಗೊಂಡು ಮನೆಗೆ ಹೋದೆ, ಹೆಂಡತಿಗೆ ಹೇಳಿದ್ದು ಸಂಜೆ.

ಜಾಣತನದಿಂದ ಮಾಡಿದವರೂ ಇದ್ದಾರೆ. ನನ್ನ ಜೊತೆ ಇದ್ದವನು ಅದೇ ಕಂಪನಿಯ ಬೆಂಗಳೂರು ಆಫೀಸಿಗೆ ಮ್ಯಾನೇಜರ್ ಆಗಿ ಹೋಗಿ, ಒಂದು ವರ್ಷದ ಮೇಲೆ ಎಲ್-1ಎ (ಕಂಪನಿಯೊಳಗಿನ ಮ್ಯಾನೇಜರ್ ವರ್ಗಾವಣೆ ವೀಸಾ) ಮೇಲೆ ವಾಪಸ್ ಹೋದ. ಮೇಲಿನ ದರ್ಜೆ ಇಬಿ-1 ಆಯ್ತು. ಹಳೇ ಇಬಿ-2 ತಾರೀಖು ಅದಕ್ಕೆ ಅಂಟಿಸಿಕೊಂಡ. ಈಗ ಇಬಿ-1 ಇಂಡಿಯಾ 2022ರ ಆರಂಭದಲ್ಲಿದೆ. ಹಳೇ ತಾರೀಖಿನ ಮ್ಯಾನೇಜರುಗಳಿಗೆ ಅದು ತೆರೆದ ಬಾಗಿಲು. ಕೋಡ್ ಬರೆಯೋರಿಗೆ ಅಲ್ಲ.

ಗಿರ್ಮಿಟ್_ಮಿರ್ಚಿ | ನವೆಂಬರ್ 4

ಇದರಾಗ ಜಾಣತನಕ್ಕಿಂತ ನಸೀಬ ಹೆಚ್ಚರಿ.

ನಾನು, ನನ್ನ ರೂಮ್‌ಮೇಟ್ ಇಬ್ಬರದೂ 2014ರ ಮಾರ್ಚ್. ಇಬ್ರೂ ಹುಬ್ಬಳ್ಳಿ, ಇಬ್ರೂ ಇಬಿ-2. 2020ರ ಅಕ್ಟೋಬರ್‌ದಾಗ ಇಬಿ-3 ಇಂಡಿಯಾ ಫೈಲಿಂಗ್ ತಾರೀಖು ಒಮ್ಮೆಲೆ 2015ರ ಜನವರಿ 1ಕ್ಕ ಹಾರ್ತು. ಇಬಿ-2 2011ರಾಗ ಕುಂತಿತ್ತು. ಮ್ಯಾಲಿನ ದರ್ಜೆಯವ್ರು ಕೆಳಗಿನ ದರ್ಜೆಗೆ ಇಳಿಯಾಕ ಸಾಲು ಹಚ್ಚಿದ್ರು! ರೈಲಿನ್ಯಾಗ ಎ.ಸಿ. ಡಬ್ಬಿ ಬಿಟ್ಟು ಜನರಲ್ ಡಬ್ಬಿಗೆ ಓಡಿದಂಗ. ನಾವೂ ಓಡಿದ್ವಿ, ಐ-485 ಹಾಕಿದ್ವಿ. ಕೊರೊನಾದಾಗ ಕಾನ್ಸುಲೇಟ್ ಮುಚ್ಚಿ ಕುಟುಂಬದ ಕೋಟಾ ಉಳೀತಲ್ಲ, ಅದು ನಮ್ಮ ಕಡೆ ಹರದು 1,40,000 ಇದ್ದದ್ದು ಒಂದು ವರ್ಷ 2,62,000, ಮರುವರ್ಷ 2,81,000 ಆತು. 2022ರ ಬ್ಯಾಸಿಗ್ಯಾಗ ಇಬಿ-2 2014ರ ಸೆಪ್ಟೆಂಬರ್‌ಗೆ ಬಂತು. ಇಬ್ರೂ ಮತ್ತ ಇಬಿ-2ಗೆ ಜಿಗದ್ವಿ.

ನನಗ ಆಗಸ್ಟ್‌ದಾಗ ಕಾರ್ಡ್ ಬಂತು. ಅವನಿಗೆ ವೈದ್ಯಕೀಯ ವರದಿ ಹಳೇದಾಗೇತಿ ಅಂತ ಪತ್ರ ಬಂತು. ಡಾಕ್ಟರ್ ಅಪಾಯಿಂಟ್‌ಮೆಂಟ್ ಹಿಡದು ಕಳಸೂದ್ರಾಗ ಸೆಪ್ಟೆಂಬರ್ ಮದ್ಲ ವಾರ ಆ ವರ್ಷದ ನಂಬರ್ ಖಾಲಿ. ಅಕ್ಟೋಬರ್‌ದಾಗ ಇಬಿ-2 2012ರ ಏಪ್ರಿಲ್‌ಗೆ ಹಿಂದ ಬಿತ್ತು. ಮೂರು ವರ್ಷ ಆತು, ಅವನ ಫೈಲ್ ಇನ್ನೂ ಅಲ್ಲೇ. ಇಎಡಿ ಐತಿ, ಎಲ್ಲಿ ಬೇಕಾದ್ರೂ ಕೆಲಸ ಮಾಡ್ತಾನ. ಆದ್ರ ಬುಲೆಟಿನ್ ದಿನ ನಾನು ಅವಂಗ ಫೋನ್ ಮಾಡೂದು ಬಿಟ್ಟೇನಿ.

ಬೆಂಚ್_ಮೇಲೆ_ಕೂತವನು | ನವೆಂಬರ್ 5

ಶರಾವತಿಯವರೇ, ಹೊಸ ಕಂಪನಿ ಸಣ್ಣದು ಅಂದಿರಿ. ಒಂದು ಎಚ್ಚರಿಕೆ. ನಾನು ಮೊದಲು ಬಂದಿದ್ದು ಒಂದು ಕನ್ಸಲ್ಟೆನ್ಸಿ ಮೂಲಕ, ಹೆಸರು ಬೇಡ. ಪ್ರಾಜೆಕ್ಟ್ ಇಲ್ಲದ ನಾಲ್ಕು ತಿಂಗಳು ಸಂಬಳ ಕೊಡಲಿಲ್ಲ. ಪರ್ಮ್ ಖರ್ಚು ಅಂತ ಸಂಬಳದಲ್ಲಿ ಕಂತು ಹಿಡಿದರು. ಎರಡೂ ಕಾನೂನುಬಾಹಿರ ಅಂತ ನನಗೆ ಗೊತ್ತಾಗಿದ್ದು ಮೂರು ವರ್ಷ ಆದ ಮೇಲೆ. ಬೆಂಚ್ ಮೇಲೆ ಕೂರಿಸಿದರೂ ಎಲ್‌ಸಿಎಯಲ್ಲಿ ಬರೆದ ಸಂಬಳ ಕೊಡಲೇಬೇಕು. ಪರ್ಮ್‌ನ ವಕೀಲರ ಫೀಸು, ಜಾಹೀರಾತು ಖರ್ಚು 2007ರಿಂದ ಪೂರ್ತಿ ಕಂಪನಿಯದೇ. ಲೇಬರ್ ಇಲಾಖೆಗೆ ಡಬ್ಲ್ಯುಎಚ್-4 ಅನ್ನುವ ದೂರಿನ ಅರ್ಜಿ ಇದೆ, ನಾನು ಹೆದರಿ ಹಾಕಲಿಲ್ಲ.

ಇನ್ನೊಂದು. ಹಳೇ ಕಂಪನಿಯ ಇಮೇಲ್ ಮುಚ್ಚುವ ಮೊದಲು ಐ-140 ನೋಟಿಸು, ಪರ್ಮ್ ಅರ್ಜಿಯ ಪ್ರತಿ ತಗೊಂಡ್ರಾ? ತಗೊಂಡಿಲ್ಲದಿದ್ದರೆ ಅಲ್ಲಿನ ಎಚ್‌ಆರ್‌ಗೆ ಇವತ್ತೇ ಬರೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ಕೇಳಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ.

ಶರಾವತಿ_ದಂಡೆ | ನವೆಂಬರ್ 6

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ. ಆಫರ್ ಒಪ್ಪಿಕೊಂಡೆ. ಎಲ್‌ಸಿಎ ನಿನ್ನೆ ಹಾಕಿದ್ದಾರೆ. ಗ್ರೀನ್ ಕಾರ್ಡ್ ಮಾತನ್ನು ಲಿಖಿತವಾಗಿ ಕೇಳಿದ್ದಕ್ಕೆ ಎಚ್‌ಆರ್ ಎರಡು ದಿನ ಸುಮ್ಮನಿದ್ದು ಇವತ್ತು ಒಂದು ಸಾಲು ಸೇರಿಸಿದರು. ಐ-140 ಪ್ರತಿ ಇತ್ತು, ಪರ್ಮ್ ಪ್ರತಿ ಹಳೇ ಕಂಪನಿಯವರು ಕಳಿಸಿದ್ದಾರೆ.

ಊರಿಗೆ ಹೋಗುವುದಿಲ್ಲ ಅಂತ ಅಮ್ಮನಿಗೆ ಹೇಳಿದೆ. "ಆತು" ಅಂದಳು. ಇನ್ನೇನೂ ಅನ್ನಲಿಲ್ಲ.

ಈಗ ವಕೀಲರು ಮುಂದೆ ಬೇಕಾಗುತ್ತದೆ ಅಂತ ಹುಟ್ಟಿದ ದಾಖಲೆ ಕೇಳಿದ್ದಾರೆ. ನನ್ನದರಲ್ಲಿ ತಂದೆ ತಾಯಿ ಹೆಸರು ಇದೆ, "ಗಂಡು" ಅಂತ ಇದೆ, ನನ್ನ ಹೆಸರೇ ಇಲ್ಲ.

ಹೇಮಾವತಿ_ನಾಲೆ | ನವೆಂಬರ್ 6

ನಮ್ಮ ಕಾಲದವರದ್ದು ಎಲ್ಲರದ್ದೂ ಹಾಗೇ. ನಾಮಕರಣಕ್ಕೆ ಮೊದಲೇ ನೋಂದಣಿ ಆಗಿಬಿಡುತ್ತಿತ್ತು. ಹೆಸರು ಸೇರಿಸಿಕೊಡುತ್ತಾರೆ, ತಂದೆ ಅಥವಾ ತಾಯಿ ಅರ್ಜಿ ಕೊಟ್ಟರೆ ಸುಲಭ. ಹಳ್ಳಿಯಾದರೆ ಹಳೆಯ ರಿಜಿಸ್ಟರ್ ತಾಲ್ಲೂಕು ಕಚೇರಿಯಲ್ಲಿ ಹುಡುಕಿಸಬೇಕು. ನನ್ನ ಹೆಂಡತಿಯದು ದಾಖಲೆಯೇ ಇರಲಿಲ್ಲ. ಲಭ್ಯವಿಲ್ಲ ಅನ್ನುವ ಪ್ರಮಾಣ ಪತ್ರ ತಗೊಂಡು, ಅತ್ತೆ ಮತ್ತು ಸೋದರಮಾವನ ಅಫಿಡವಿಟ್ ಮಾಡಿಸಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಜೊತೆಗಿಟ್ಟೆವು.

ಗಿರ್ಮಿಟ್_ಮಿರ್ಚಿ | ನವೆಂಬರ್ 6

ಎಸ್‌ಎಸ್‌ಎಲ್‌ಸಿ ತಾರೀಖು ಹೊಂದತೈತೇನು ಅಂತ ನೋಡ್ಕೋರಿ. ನಮ್ಮ ಹೆಡ್‌ಮಾಸ್ತರು ಒಂದನೆತ್ತಾಕ ಕೈ ತಲಿ ಮ್ಯಾಲಿಂದ ಕಿವಿ ಮುಟ್ಟಿದ ಹುಡುಗರಿಗೆಲ್ಲಾ ಜೂನ್ 1 ಅಂತ ಬರದಾರ. ನಮ್ಮ ಕ್ಲಾಸಿನ್ಯಾಗ 22 ಮಂದಿದು ಒಂದ ಹುಟ್ಟಿದಹಬ್ಬ. ನಾ ಹುಟ್ಟಿದ್ದು ಖರೇ ಅಂದ್ರ ದೀಪಾವಳಿ ಅಮಾಸಿ.

ಕುಡ್ಲದಾಯೆ | ನವೆಂಬರ್ 6

ಹೆಸರಿನದ್ದೂ ಒಂದು ಉಂಟು. ಇನಿಷಿಯಲ್ ಮಾತ್ರ ಇಟ್ಟುಕೊಂಡು ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟ್ ಆದರೆ ವೀಸಾದಲ್ಲಿ ಮೊದಲ ಹೆಸರು "ಎಫ್ಎನ್‌ಯು" ಅಂತ ಬರ್ತದೆ, ಹೆಸರು ಗೊತ್ತಿಲ್ಲ ಅಂತ ಅರ್ಥ. ನನ್ನ ಭಾವನನ್ನು ಆಫೀಸಿನಲ್ಲಿ ಒಂದು ವರ್ಷ "ಫ್ನೂ" ಅಂತಲೇ ಕರೆದರು. ಮತ್ತೆ ಪಾಸ್‌ಪೋರ್ಟ್ ಮುಗಿಯುವ ತಾರೀಖು ಹತ್ತಿರ ಇದ್ದರೆ ಏರ್‌ಪೋರ್ಟಿನಲ್ಲಿ ಐ-94 ಅಲ್ಲಿಗೇ ನಿಲ್ಲಿಸ್ತಾರೆ, ಎಚ್-1ಬಿ ಎಷ್ಟೇ ಇರಲಿ. ಬಂದಿಳಿದ ಮೇಲೆ ಒಮ್ಮೆ ನೋಡಿಕೊಳ್ಳಿ.

ಶರಾವತಿ_ದಂಡೆ | ಡಿಸೆಂಬರ್ 14

ತಡವಾಯ್ತು, ಕ್ಷಮಿಸಿ. ಅರ್ಜಿ ನವೆಂಬರ್ 19ಕ್ಕೆ ತಲುಪಿತು, ರಸೀದಿ ಬಂತು, 24ಕ್ಕೆ ಕೆಲಸಕ್ಕೆ ಸೇರಿದೆ. ಮೊನ್ನೆ ಅಪ್ರೂವ್ ಆಯಿತು, 2028ರವರೆಗೆ. ಹೆಂಡತಿಯದು ಇನ್ನೂ ಬಂದಿಲ್ಲ. ಅವಳ ಮ್ಯಾನೇಜರ್‌ಗೆ ಫೆಬ್ರವರಿ ವಿಷಯ ಹೇಳಿದ್ದಾಳೆ, ರಜೆ ಅಂತ ಹಿಡಿಯುತ್ತಾರಂತೆ, ಸಂಬಳವಿಲ್ಲದ ರಜೆ.

ಅಪ್ಪನ ಆಪರೇಷನ್ 3ನೇ ತಾರೀಖು ಆಯಿತು. ಆರು ಗಂಟೆ. ತಮ್ಮ ಆಸ್ಪತ್ರೆ ಕಾರಿಡಾರಿನಿಂದ ಫೋನ್ ಹಿಡಿದುಕೊಂಡೇ ಇದ್ದ. ನಾನಿಲ್ಲಿ ರಾತ್ರಿಯಿಡೀ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದೆ. ಈಗ ಮನೆಗೆ ಬಂದಿದ್ದಾರೆ.

ಹೋಗಿದ್ದಿದ್ದರೆ ಸಿಕ್ಕಿಬೀಳುತ್ತಿದ್ದೆ, ನಿಜ. ನಾಳೆಯಿಂದ ಎಚ್-1ಬಿ, ಎಚ್-4ರವರ ಸಾಮಾಜಿಕ ಜಾಲತಾಣವೆಲ್ಲ ತಪಾಸಣೆ ಮಾಡುತ್ತಾರಂತೆ. ಅದಕ್ಕೆ ವೀಸಾ ಸಂದರ್ಶನದ ಸ್ಲಾಟ್‌ಗಳನ್ನು ಮಾರ್ಚ್‌ಗೆ ತಳ್ಳಿದ್ದಾರೆ. ತಂಗಿ ಮದುವೆಗೆ ಅಂತ ಹೋದ ನನ್ನ ಹಳೆಯ ಸಹೋದ್ಯೋಗಿ ಶಿರಸಿಯಲ್ಲಿ ಕೂತಿದ್ದಾನೆ, ಇಲ್ಲಿ ಅವನ ಕಾರು ನಾನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಬರುತ್ತೇನೆ.

ಬೋಗಾದಿ_ವಾಪಸ್ | ಡಿಸೆಂಬರ್ 14

ಹೋಗಿ ಅಂದಿದ್ದು ನಾನು. ಗಿರ್ಮಿಟ್ ಹೇಳಿದ್ದೇ ಸರಿಯಾಯ್ತು. ಅಪ್ಪ ಹುಷಾರಾಗಿದ್ದಾರಲ್ಲ, ಸಮಾಧಾನ. ಊಟ ಮಾಡ್ತಿದ್ದಾರಾ?

ಶರಾವತಿ_ದಂಡೆ | ಡಿಸೆಂಬರ್ 14

ಗಂಜಿ, ಸಪ್ಪೆ ಸಾರು. ಉಪ್ಪಿಲ್ಲ ಅಂತ ಅಮ್ಮನ ಹತ್ತಿರ ಜಗಳ. ನಿನ್ನೆ ಫೋನಿನಲ್ಲಿ ಮೊದಲು ಕೇಳಿದ್ದು, "ಆ ಜನನ ಪತ್ರಕ್ಕೆ ಹೆಸರು ಸೇರಿಸೋದು ನನ್ನ ಸಹಿ ಬೇಕಂತಲ್ಲ, ತಾಲ್ಲೂಕು ಕಚೇರಿಗೆ ಯಾವತ್ತು ಹೋಗಲಿ?" ಎರಡು ತಿಂಗಳು ಮೆಟ್ಟಿಲು ಹತ್ತಬಾರದು ಅಂದಿದ್ದಾರೆ ಡಾಕ್ಟರು.

ಹೇಮಾವತಿ_ನಾಲೆ | ಡಿಸೆಂಬರ್ 15

ಅವರು ಹೋಗೋದು ಬೇಡ. ಅರ್ಜಿಗೆ ಮನೆಯಲ್ಲೇ ಸಹಿ ಮಾಡಿಸಿ ತಮ್ಮನ ಕೈಲಿ ಕಳಿಸಿ, ಜೊತೆಗೆ ಅವರ ಆಧಾರ್ ನಕಲು, ನಿಮ್ಮ ಎಸ್‌ಎಸ್‌ಎಲ್‌ಸಿ ನಕಲು. ಬೆಳಿಗ್ಗೆಯೇ ಹೋಗಲಿ. ನಿಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಿರಿ, ಇಲ್ಲದಿದ್ದರೆ ಅವರಿಗೆ ತೋಚಿದ ಹಾಗೆ ಟೈಪ್ ಮಾಡುತ್ತಾರೆ.